ಗೋಡೆಗೆ ನೇತಾಡೋಕೆ ಮುಂಚೆ

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಒಂದು ಪುಟ್ಟ ಪಾಠ ಬರುತ್ತೆ: ನಿಧಾನವಾಗಿ ಹೇರಿದ ಭಾರಕ್ಕಿಂತ ಒಮ್ಮೆಲೇ ಹೇರಿದ ಭಾರ ಎರಡು ಪಟ್ಟು ಒತ್ತಡ ತರುತ್ತೆ. ಇಂಟರ್ನಲ್ಸಿಗೆ ಬರೆದು ಮರೆತಿದ್ದೆವು. ಮತ್ತೆ ನೆನಪಾಗಿದ್ದು ಯಲಹಂಕದ ಒಂದು ಮನೆಯಲ್ಲಿ, ನೆಲಕ್ಕೆ ಬಿದ್ದ ಮೇಲೆ.

ನಮ್ಮ ಮೂವರಿಗೂ ಬಂಡೆ ಹತ್ತುವ ಹುಚ್ಚು. ಭಾನುವಾರ ಬಂತೆಂದರೆ ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆಗೆ ಓಟ. ಚಳಿಗಾಲದಲ್ಲಿ ರಾಮನಗರದ ಬಂಡೆಗೆ ಹೋಗೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮಲ್ಲೊಬ್ಬನ ಮನೆ ರಿಪೇರಿ ಶುರುವಾಯಿತು. ಅಜ್ಜಿಯ ಕೋಣೆ ಸೋರುತ್ತಿತ್ತು. ಎರಡು ಮಳೆಗಾಲ ಅವರು ಹಾಲಿನಲ್ಲೇ ಮಲಗಿದ್ದರು. ಆಗಲ್ಲ ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಆರು ಭಾನುವಾರ ಮರಳು ಜರಡಿ ಹಿಡಿದೆವು, ಹಳೇ ಪ್ಲಾಸ್ಟರ್ ಕೆತ್ತಿದೆವು, ಹೊಸ ಗೋಡೆಗೆ ನೀರು ಹೊಡೆದೆವು. ಹಸಿ ಸಿಮೆಂಟು ಪ್ರಬಲ ಕ್ಷಾರ. ಗ್ಲೌಸ್ ಹಾಕದೆ ಕಲಸಿದ್ದಕ್ಕೆ ಬೆರಳ ತುದಿಗಳು ಒಡೆದುಹೋದವು.

ಅಭ್ಯಾಸ ತಪ್ಪಬಾರದು ಅಂತ ಬೆರಳಲ್ಲಿ ನೇತಾಡುವ ಮರದ ಹ್ಯಾಂಗ್‌ಬೋರ್ಡ್ ಒಂದನ್ನು ಕೋಣೆಯ ಗೋಡೆಗೆ ನಾವೇ ಬಿಗಿದೆವು. ಸ್ಕ್ರೂ ಗಟ್ಟಿ ಕೂತಂತೆ ಕಂಡಿತು. ನಮ್ಮಲ್ಲೊಬ್ಬ ಜಿಗಿದು ಹಿಡಿದ. ಬೋರ್ಡು, ಪ್ಲಾಸ್ಟರ್, ಅವನು, ಮೂರೂ ಒಟ್ಟಿಗೆ ಕೆಳಗೆ! ಮಂಡಿ ತರಚಿತು, ಅಷ್ಟೇ. ಪಕ್ಕದಲ್ಲೇ ಅಜ್ಜಿಯ ಮಂಚ ಇತ್ತು. ಅವರು ಆಗತಾನೆ ಎದ್ದು ಹೋಗಿದ್ದರು.

ಅವತ್ತು ರಾತ್ರಿ ಲೆಕ್ಕ ಹಾಕಿದೆವು. 65 ಕಿಲೋ ತೂಕ ಅಂದರೆ ಸುಮಾರು 640 ನ್ಯೂಟನ್. ಒಮ್ಮೆಲೇ ಜೋತುಬಿದ್ದರೆ ಕನಿಷ್ಠ 1280. ಹಿಡಿಕೆ ಗೋಡೆಯಿಂದ 6 ಸೆಂ.ಮೀ. ಮುಂದಿದೆ, ಹಾಗಾಗಿ ಬೋರ್ಡು ಕೆಳ ಅಂಚನ್ನು ಆಧಾರ ಮಾಡಿಕೊಂಡು ಮುಂದಕ್ಕೆ ಬಾಗಲು ನೋಡುತ್ತೆ. ಮೇಲಿನ ಸ್ಕ್ರೂಗಳು ಆ ಅಂಚಿನಿಂದ 12 ಸೆಂ.ಮೀ. ಎತ್ತರದಲ್ಲಿವೆ. 1280 × 6 ÷ 12 = 640. ಅಂದರೆ ಕೆಳಕ್ಕೆ ಜಗ್ಗುವ ಭಾರ ಸಾಲದು ಅಂತ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಎಳೆತವೇ ಒಬ್ಬ ಮನುಷ್ಯನ ತೂಕದಷ್ಟು. ಜಿಗಿದು ಹಿಡಿದರೆ ಇನ್ನೂ ಜಾಸ್ತಿ.

ಮಾರನೇ ದಿನ ಮೇಸ್ತ್ರಿ ಗೋಡೆ ತಟ್ಟಿ ನೋಡಿ ನಕ್ಕರು. "ಏನ್ರಪ್ಪಾ, ಇಂಜಿನಿಯರಿಂಗ್ ಓದ್ತೀರಾ, ಗೋಡೆ ಟೊಳ್ಳೋ ಗಟ್ಟಿನೋ ನೋಡೋದಲ್ವಾ?" ಅದು ನಾಲ್ಕಿಂಚಿನ ಹಾಲೋ ಬ್ಲಾಕ್ ಗೋಡೆ. ನಮ್ಮ ಪ್ಲಗ್ಗು ಹಿಡಿದಿದ್ದು ಬ್ಲಾಕಿನ ತೆಳು ಸಿಪ್ಪೆಯನ್ನು ಮಾತ್ರ. ಅದರ ಮೇಲಿನ ಪ್ಲಾಸ್ಟರಿಗೆ ಇನ್ನೂ ಐದು ದಿನ. ಸಿಮೆಂಟು ಗಟ್ಟಿಯಾಗೋದು ಒಣಗೋದರಿಂದಲ್ಲ, ನೀರಿನ ಜೊತೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೇ ಕನಿಷ್ಠ 7 ದಿನ ಕ್ಯೂರಿಂಗ್, ಅದಕ್ಕೇ ಕಾಂಕ್ರೀಟಿನ ಬಲ ಅಳೆಯೋದು 28ನೇ ದಿನಕ್ಕೆ. ನಾವು ಬೇಜಾರು ಮಾಡಿಕೊಂಡು ನೀರು ಹೊಡೆಯುತ್ತಿದ್ದ ಗೋಡೆಗೇ ಅವಸರದಲ್ಲಿ ಜೋತುಬಿದ್ದಿದ್ದೆವು.

ಎರಡನೇ ಸಲ ಜಾಗ ಬದಲಿಸಿದೆವು. ವರಾಂಡದ ಹಳೇ ಕಾಂಕ್ರೀಟ್ ಬೀಮಿಗೆ, ಮೇಸ್ತ್ರಿ ಎದುರಿಗೇ, ಕಂಬಿ ತಪ್ಪಿಸಿ ನಾಲ್ಕು ಆಂಕರ್ ಬೋಲ್ಟ್ ಹಾಕಿದೆವು. ಹತ್ತೋಕೆ ಮುಂಚೆ 50 ಕಿಲೋದ ಮೂರು ಸಿಮೆಂಟ್ ಮೂಟೆಗಳನ್ನು ಒಂದು ರಾತ್ರಿಯಿಡೀ ನೇತುಹಾಕಿದೆವು. 65ರ ಎರಡು ಪಟ್ಟು 130, ನಾವು ಹಾಕಿದ್ದು 150. ಕೆಳಗೆ ಹಳೇ ಹಾಸಿಗೆಯನ್ನೂ ಹಾಸಿದೆವು.

ಬೆರಳಿಗೂ ಇದೇ ನಿಯಮ. ಸ್ನಾಯು ಬೇಗ ಬಲ ಪಡೆಯುತ್ತೆ, ಆದರೆ ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಆರು ವಾರ ಬಿಟ್ಟು ಬಂದವರು ಮೊದಲ ದಿನವೇ ಪೂರ್ತಿ ತೂಕ ಹೇರಿದರೆ ಬೆರಳು ಹೋಗುತ್ತೆ. ಹಾಗಾಗಿ ನಾವು ಕಾಲನ್ನು ಸ್ಟೂಲಿನ ಮೇಲಿಟ್ಟು, ಅರ್ಧ ಭಾರದಿಂದ ಶುರುಮಾಡಿದ್ದೇವೆ.

ರಾಮನಗರ ಈ ಚಳಿಗಾಲಕ್ಕೆ ತಪ್ಪಿಹೋಯಿತು. ಹೋಗಲಿ ಬಿಡಿ. ಅಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಇನ್ನೊಂದು ವರ್ಷ ಕಾಯುತ್ತೆ. ಅಜ್ಜಿ ಮಾತ್ರ ಇನ್ನೊಂದು ಮಳೆಗಾಲ ಕಾಯುವಂತಿರಲಿಲ್ಲ. ಈಗ ಅವರು ತಮ್ಮ ಕೋಣೆಯಲ್ಲೇ ಮಲಗುತ್ತಿದ್ದಾರೆ.

ನಿಮಗೊಂದು ಮನೆಗೆಲಸ: ಹಾಸ್ಟೆಲ್ ಗೋಡೆಗೆ ಏನಾದರೂ ನೇತುಹಾಕೋಕೆ ಮುಂಚೆ ವಾರ್ಡನ್ನರನ್ನು ಕೇಳಿ, ಗೋಡೆ ತಟ್ಟಿ ನೋಡಿ, ನಿಮ್ಮ ತೂಕವನ್ನು ಎರಡರಿಂದ ಗುಣಿಸಿ.