ಕೊಟ್ಟೆಯ ಮಣ್ಣು ಕೆಟ್ಟರೆ ತೋಟವೂ ಕೆಟ್ಟೀತು



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಸಸಿಯನ್ನೂ ಕಾಳುಮೆಣಸಿನ ಬಳ್ಳಿಯನ್ನೂ ಮನೆಯಂಗಳದಲ್ಲೇ ಕೊಟ್ಟೆಗಳಲ್ಲಿ ಬೆಳೆಸಿಕೊಳ್ಳುವ ರೈತರು ಬಹಳ ಮಂದಿ. ಬೀಜದ ಗೋಟಿಗೆ ಒಳ್ಳೆಯ ಮರವನ್ನು ಹುಡುಕಿ ಆರಿಸುತ್ತೀರಿ. ಕೊಟ್ಟೆಗೆ ಮಾತ್ರ ಕೈಗೆ ಸಿಕ್ಕಿದ ಮಣ್ಣನ್ನೇ ತುಂಬುತ್ತೀರಿ. ಇದು ಸರಿಯೇ?

ನೆಲದಲ್ಲಿ ಹೆಚ್ಚಿನ ನೀರು ಆಳಕ್ಕೆ ಇಳಿದುಹೋಗುತ್ತದೆ. ಬೇರೂ ಆಹಾರವನ್ನು ಹುಡುಕಿಕೊಂಡು ದೂರ ಹೋಗುತ್ತದೆ. ಕೊಟ್ಟೆಯಲ್ಲಿ ಇವೆರಡೂ ಸಾಧ್ಯವಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಗೆ ಒತ್ತಿಕೊಂಡು ಗಟ್ಟಿಯಾದರೆ ತಳದಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಆದುದರಿಂದ ಮರಳು ಬೇಕು, ಗೊಬ್ಬರ ಬೇಕು, ಎರಡೂ ಅಳತೆಯಲ್ಲಿರಬೇಕು.

ಅಳತೆ ಹೀಗಿದೆ:

1. ಅಡಿಕೆಗೆ: ಮೇಲ್ಮಣ್ಣು 7 ಬುಟ್ಟಿ, ಒಣಗಿದ ಕೊಟ್ಟಿಗೆ ಗೊಬ್ಬರ 3 ಬುಟ್ಟಿ, ಮರಳು 2 ಬುಟ್ಟಿ. ಕೊಟ್ಟೆ 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಇರಲಿ.

2. ಕಾಳುಮೆಣಸಿಗೆ: ಮಣ್ಣು 2 ಬುಟ್ಟಿ, ಮರಳು 1 ಬುಟ್ಟಿ, ಕೊಟ್ಟಿಗೆ ಗೊಬ್ಬರ 1 ಬುಟ್ಟಿ. ಕೊಟ್ಟೆ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಇದ್ದರೆ ಸಾಕು.

ಎರಡಕ್ಕೂ ತಳದಲ್ಲಿ ತೂತುಗಳಿರಲೇಬೇಕು. ಮಿಶ್ರಣಕ್ಕೆ ಸ್ವಲ್ಪ ನೀರು ಚಿಮುಕಿಸಿ ಒಂದು ಹಿಡಿ ಹಿಂಡಿ ನೋಡಿ. ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉದುರದಿದ್ದರೆ ಇನ್ನಷ್ಟು ಮರಳು ಸೇರಿಸಿ.

ಗೊಬ್ಬರ ಹೆಚ್ಚಾದರೆ ಸಸಿ ಬೇಗ ಏಳುವುದೆಂಬ ನಂಬಿಕೆ ತಪ್ಪು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಈ ತಪ್ಪು ಮಾಡಿದೆ. ಹಸಿ ಸಗಣಿ ಬೆರೆಸಿ, ಮೇಲೆ ಚಿಟಿಕೆ ಯೂರಿಯಾ ಹಾಕಿದೆ. ಕೆಲವೇ ದಿನಗಳಲ್ಲಿ ಎಲೆಯ ತುದಿ ಸುಟ್ಟಿತು, ಬೇರು ಕಪ್ಪಾಯಿತು. ಹಸಿ ಸಗಣಿ ಕೊಳೆಯುವಾಗ ಕಾವು ಏಳುತ್ತದೆ. ಕೊಟ್ಟೆಯ ಅಷ್ಟು ಸ್ವಲ್ಪ ಮಣ್ಣಿನಲ್ಲಿ ಯೂರಿಯಾದ ಖಾರ ನೇರವಾಗಿ ಬೇರಿಗೆ ತಟ್ಟುತ್ತದೆ. ಸಗಣಿಯ ವಾಸನೆ ಹೋಗಿ ಪುಡಿಯಾದ ಗೊಬ್ಬರವನ್ನೇ ಬಳಸಿ. ಸುಣ್ಣವನ್ನೂ ಅಂದಾಜಿನಲ್ಲಿ ಹಾಕಬೇಡಿ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ನೋಡೋಣ.

ಇನ್ನು ಮುಖ್ಯವಾದ ಮಾತು. ಸೊರಗಿ ಸತ್ತ ಮೆಣಸಿನ ಬಳ್ಳಿಯ ಬುಡದ ಮಣ್ಣನ್ನು ಎಂದಿಗೂ ಕೊಟ್ಟೆಗೆ ತುಂಬಬೇಡಿ. ಸೊರಗು ರೋಗದ ಬೀಜ ಆ ಮಣ್ಣಿನಲ್ಲೇ ಇರುತ್ತದೆ. ಕೊಟ್ಟೆಯಲ್ಲಿ ಬಳ್ಳಿ ಹಸಿರಾಗಿಯೇ ಕಾಣಬಹುದು. ತೋಟಕ್ಕೆ ನೆಟ್ಟ ಮೇಲೆ ಮಳೆನೀರಿನೊಡನೆ ರೋಗ ಒಂದು ಮರದ ಬಳ್ಳಿಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಹತ್ತು ವರ್ಷದ ಶ್ರಮ ಒಂದೇ ಮಳೆಗಾಲದಲ್ಲಿ ಹೋದೀತು.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಬಿಸಿಲು. ಮಿಶ್ರಣವನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ, ಬೇಸಿಗೆಯಲ್ಲಿ 30ರಿಂದ 45 ದಿನ ಬಿಡಿ. ಒಳಗಿನ ಕಾವಿಗೆ ರೋಗಾಣು, ಜಂತುಹುಳು, ಕಳೆಬೀಜಗಳು ಬಹುಮಟ್ಟಿಗೆ ಸಾಯುತ್ತವೆ.

ಎರಡನೆಯದು ಟ್ರೈಕೋಡರ್ಮಾ. ಇದು ರೋಗದ ಶಿಲೀಂಧ್ರವನ್ನು ತಿಂದು ಬದುಕುವ ಒಳ್ಳೆಯ ಶಿಲೀಂಧ್ರ. 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ 15 ದಿನ ಇಡಿ. ನಡುವೆ ಒಮ್ಮೆ ಮಗುಚಿ. ಬಿಸಿಲು ಕಾಯಿಸಿದ ಮಣ್ಣು ತಣಿದ ಮೇಲೆಯೇ ಇದನ್ನು ಸೇರಿಸಬೇಕು. ಹಾಗೆ ಮಾಡುವವರು ಬಿಸಿಲಿಗೆ ಮಣ್ಣು, ಮರಳನ್ನಷ್ಟೇ ಹರಡಿ, ಗೊಬ್ಬರದ ಪಾಲಿಗೆ ಇದನ್ನೇ ಬಳಸಿರಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಇದರೊಡನೆ ಸುರಿಯಬೇಡಿ. ಮೈಲುತುತ್ತ ಈ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಹೆಚ್ಚು ಖರ್ಚಿಲ್ಲ, ಬೇಕಾದುದು ಒಂದು ಬುಟ್ಟಿ, ಒಂದು ಹಾಳೆ, ಸ್ವಲ್ಪ ತಾಳ್ಮೆ. ಈ ಬೇಸಿಗೆ ಹತ್ತು ಕೊಟ್ಟೆಗಳನ್ನಾದರೂ ಹೀಗೆ ತುಂಬಿ, ಹಳೆಯ ಕ್ರಮದ ಹತ್ತರ ಪಕ್ಕದಲ್ಲಿಡಿ. ನಾನು ಊರಿಗೆ ಬಂದಾಗ ಬೇರು ಬಿಡಿಸಿ ನೋಡೋಣ.