ಆಕರಕೋಶಗಳು: ಹೆಸರೊಂದು, ಮೂಲ ಹಲವು

ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ಬೀಜಾಡಿ, ಕೋಟೇಶ್ವರಗಳ ಕಡೆಯ ಒಕ್ಕಲುಗಳಿಗೆ ರೂಢಿ. ತಳಿ ಒಂದೇ ಆದರೂ ಮೂರೆಡೆಗಳಲ್ಲಿ ಬೆಳೆ ಒಂದೇ ತೆರನಾಗಿರದು. ನಮ್ಮ ಶರೀರದ ಒಂದು ಜಾತಿಯ ಜೀವಕೋಶಗಳಿಗೂ ಈ ಮಾತು ಸಲ್ಲುತ್ತದೆ.

ಎಲುಬು, ಮೃದ್ವಸ್ಥಿ, ಕೊಬ್ಬು ಇವುಗಳ ಕೋಶಗಳಾಗಿ ಮಾರ್ಪಡಬಲ್ಲ ಮೂಲಕೋಶಗಳಿಗೆ ಮೆಸೆಂಕೈಮಲ್ ಆಕರಕೋಶಗಳೆಂದು ಹೆಸರು. 1991ರಲ್ಲಿ ಈ ಹೆಸರನ್ನು ರೂಢಿಗೆ ತಂದವರು ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್. 2006ರಲ್ಲಿ ವಿಜ್ಞಾನಿಗಳು ಇವುಗಳಿಗೆ ಮೂರು ಲಕ್ಷಣಗಳನ್ನು ಗೊತ್ತುಪಡಿಸಿದರು: ಪ್ಲಾಸ್ಟಿಕ್ ತಟ್ಟೆಗೆ ಅಂಟಿಕೊಂಡು ಬೆಳೆಯಬೇಕು, ಮೈಮೇಲೆ ಗೊತ್ತಾದ ಗುರುತಿನ ಪ್ರೋಟೀನುಗಳಿರಬೇಕು, ಮೇಲೆ ಹೇಳಿದ ಮೂರು ರೂಪಗಳನ್ನೂ ತಾಳಬಲ್ಲವಾಗಿರಬೇಕು.

ಇನ್ನು ಮೂಲಗಳನ್ನು ಹೋಲಿಸಿ ನೋಡೋಣ. ಮೊದಲನೆಯದು ಎಲುಬಿನ ಮಜ್ಜೆ. ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಇದನ್ನು ತೆಗೆಯಬೇಕು. ಅದು ನೋವಿನ ಕೆಲಸ. ಅಲ್ಲಿನ 1,00,000 ಕೋಶಗಳಲ್ಲಿ ಇವು ಸುಮಾರು 1ರಿಂದ 10 ಮಾತ್ರ. ವಯಸ್ಸಾದಂತೆ ಇನ್ನೂ ಕಡಿಮೆ. ಆದರೂ ಎಲುಬು, ಮೃದ್ವಸ್ಥಿಗಳಾಗುವುದರಲ್ಲಿ ಇವು ಸಮರ್ಥ. ವೈದ್ಯರಿಗೆ ಹೆಚ್ಚು ಕಾಲದಿಂದ ಪರಿಚಿತವಾದವೂ ಇವೇ. ಎರಡನೆಯದು ಚರ್ಮದಡಿಯ ಕೊಬ್ಬು. 2001ರಲ್ಲಿ ಬೆಳಕಿಗೆ ಬಂದ ಈ ಮೂಲದಿಂದ ಕೋಶಗಳು ಹೇರಳವಾಗಿ ದೊರೆಯುತ್ತವೆ. ಮೂರನೆಯದು ಹೆರಿಗೆಯ ತರುವಾಯ ಬಿಸುಡುವ ಹೊಕ್ಕುಳಬಳ್ಳಿ. ತಾಯಿಗಾಗಲಿ ಮಗುವಿಗಾಗಲಿ ನೋವಿಲ್ಲ. ಎಳೆಯ ಕೋಶಗಳಾದುದರಿಂದ ಬಲುಬೇಗ ವೃದ್ಧಿಯಾಗುತ್ತವೆ. ಆದರೆ ಮುಂದೆ ಆ ಮಗುವಿಗೆ ಯಾವ ಆನುವಂಶಿಕ ರೋಗ ತಲೆದೋರೀತೆಂದು ಅಂದೇ ಹೇಳಲಾಗದು.

ಹಾಗಾದರೆ ಶ್ರೇಷ್ಠವಾದುದು ಯಾವುದು? ಇದಕ್ಕೆ ರೋಗವನ್ನು ಬಿಟ್ಟು ಉತ್ತರವಿಲ್ಲ. ನಮ್ಮ ನೆರೆಯ ಮಣಿಪಾಲದ ಹೆಸರಿನ ಸಂಸ್ಥೆಗಳ ಬಳಗದಿಂದ 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆಂಪ್ಯೂಟಿಕ್ಸ್ ಆರಿಸಿಕೊಂಡುದು ಮಜ್ಜೆಯನ್ನು. ಆರೋಗ್ಯವಂತರಾದ ಹಲವರು ದಾನವಿತ್ತ ಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ ಅದು ಸಿದ್ಧಪಡಿಸಿದ ಸ್ಟೆಂಪ್ಯೂಸೆಲ್ ಎಂಬ ಔಷಧಕ್ಕೆ 2016ರಲ್ಲಿ ಭಾರತದ ಔಷಧ ನಿಯಂತ್ರಕರಿಂದ ಪರಿಮಿತ ಅನುಮತಿ ದೊರೆಯಿತು. ಬರ್ಜರ್ ಕಾಯಿಲೆಯಲ್ಲಿ ರಕ್ತನಾಳಗಳು ಮುಚ್ಚಿ, ಕಾಲು ಕತ್ತರಿಸಬೇಕಾದ ಪ್ರಸಂಗ ಬರುತ್ತದೆ. ಅಂಥವರ ಮೀನಖಂಡಕ್ಕೆ ಈ ಔಷಧವನ್ನು ಚುಚ್ಚುತ್ತಾರೆ. ಈ ಕಾಯಿಲೆಗೂ ತಂಬಾಕಿಗೂ ಬಿಡದ ನಂಟು. ಬೀಡಿ ಕಟ್ಟುವ ಕಸುಬನ್ನು ಬಹುಕಾಲದಿಂದ ಬಲ್ಲ ನಮ್ಮ ಕರಾವಳಿ ಇದನ್ನು ಗಮನಿಸಬೇಕು. ಬೀಡಿ ಸೇದುವುದನ್ನು ಬಿಡದವನಿಗೆ ಯಾವ ಮೂಲದ ಕೋಶವೂ ಆಸರೆಯಾಗದು.

ಇನ್ನೊಂದು ಸಂಗತಿ. ಈ ಕೋಶಗಳು ತಾವೇ ಹೊಸ ಅಂಗಗಳಾಗುವುದಕ್ಕಿಂತ, ತಾವು ಸ್ರವಿಸುವ ದ್ರವ್ಯಗಳಿಂದ ಉರಿಯೂತವನ್ನು ತಗ್ಗಿಸಿ, ರಕ್ತನಾಳಗಳನ್ನು ಚಿಗುರಿಸಿ ಉಪಕರಿಸುವುದೇ ಹೆಚ್ಚು. ಆದಕಾರಣ 2017ರಲ್ಲಿ ಕ್ಯಾಪ್ಲನ್ನರೇ ತಾವು ಇಟ್ಟ ಹೆಸರನ್ನು ಬದಲಿಸಬೇಕೆಂದರು. ಸ್ರವಿಸುವ ದ್ರವ್ಯಗಳಾದರೋ ಮೂಲದಿಂದ ಮೂಲಕ್ಕೆ ಭಿನ್ನ.

ಆದುದರಿಂದ ಮಿತ್ರರೇ, ಆಕರಕೋಶವು ಸರ್ವರೋಗಕ್ಕೂ ಮದ್ದೆಂದು ಸಾರುವ ಜಾಹೀರಾತನ್ನು ಕಂಡರೆ, ಮನೆಯವರು ಗದ್ದೆ ಅಡವಿಡುವುದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿರಿ: ಕೋಶಗಳು ಎಲ್ಲಿಂದ ಬಂದವು? ಯಾವ ರೋಗಕ್ಕೆ? ಆ ರೋಗಕ್ಕೆ ಸರಕಾರದ ಅನುಮತಿಯಿದೆಯೇ? ವಿದ್ಯೆ ಕಲಿತವರಿಂದ ಊರಿಗೆ ಇಷ್ಟಾದರೂ ಪ್ರಯೋಜನವಾಗಬೇಡವೇ?