ಡಾಕ್ಟರಮ್ಮ ಇವತ್ತಿಲ್ಲ ಅನ್ನುವುದನ್ನು ನಿನ್ನೆಯೇ ಹೇಳು

ನಿನಗೆ ಸಿರುಗುಪ್ಪ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪೋಸ್ಟಿಂಗ್ ಆಯಿತೆಂದು ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಬಹಳ ಸಂತೋಷ ತಾಯೀ. ವೈದ್ಯಶಾಸ್ತ್ರ ಹೇಳಿಕೊಡುವ ಯೋಗ್ಯತೆ ಈ ಮಾವನಿಗಿಲ್ಲ. ನಾನು ಔಷಧಿ ಕಿಟಕಿಯ ಒಳಗೆ ಕೂತು ಹಣ್ಣಾದ ಕಂಪೌಂಡರ್. ನಿಮ್ಮ ಕೋಣೆಯಿಂದ ಹೊರಗೆ ಬಂದ ಮೇಲೆ ರೋಗಿ ಏನು ಗೊಣಗುತ್ತಾನೆ ಅನ್ನುವುದು ಮಾತ್ರ ನನಗೆ ಗೊತ್ತು. ಆ ಗೊಣಗಾಟದಲ್ಲಿ ಹೆಚ್ಚಿನ ಪಾಲು ರೋಗದ ಬಗ್ಗೆ ಇರುವುದಿಲ್ಲ. ‘ಮೊದಲೇ ಒಂದು ಮಾತು ಹೇಳಿದ್ದರೆ ಬರುತ್ತಲೇ ಇರಲಿಲ್ಲವಲ್ಲ’ ಅನ್ನುವುದೇ ಇರುತ್ತದೆ.

ನಿನಗೆ ತಿಂಗಳ ಮೀಟಿಂಗು ಇರುತ್ತದೆ, ತರಬೇತಿ ಇರುತ್ತದೆ, ಕೋರ್ಟಿನ ಸಾಕ್ಷಿ ಇರುತ್ತದೆ, ರಜೆಯೂ ಬೇಕು. ತಪ್ಪೇನಿಲ್ಲ. ಆದರೆ ನಾಟಿ ಹಚ್ಚುವ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು, ಆಟೋಗೆ ದುಡ್ಡು ಕೊಟ್ಟು, ಕೂಸನ್ನು ಕಟ್ಟಿಕೊಂಡು ಬಂದು ಖಾಲಿ ಕುರ್ಚಿ ನೋಡಿ ಹೋಗುತ್ತಾಳೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಆಯಿತು. ನಾವು ಪುಕ್ಕಟೆ ಕೊಡುವ ಗುಳಿಗೆಗೆ ಆಕೆ ತೆರುವ ಬೆಲೆ ಕನಿಷ್ಠ ಅಷ್ಟು ಅಂತ ಇಟ್ಟುಕೋ. ಎರಡು ಸಲ ಹೀಗಾದರೆ ಮೂರನೇ ಸಲ ಆಕೆ ಬರುವುದಿಲ್ಲ, ಊರಲ್ಲೇ ಸೂಜಿ ಚುಚ್ಚುವ ನಕಲಿ ವೈದ್ಯನ ಬಾಗಿಲಿಗೆ ಹೋಗುತ್ತಾಳೆ. ಅವನು ಯಾವಾಗಲೂ ಇರುತ್ತಾನೆ ನೋಡು, ಅದೇ ಅವನ ಬಂಡವಾಳ.

ನೋಟಿಸು ಅಂಟಿಸುತ್ತೇವಲ್ಲ ಅಂತೀಯ. ನಮ್ಮ ನೋಟಿಸಿನ ಭಾಷೆ ಹೇಗಿರುತ್ತದೆ ಗೊತ್ತಲ್ಲ: ‘ವೈದ್ಯಾಧಿಕಾರಿಗಳು ಇಲಾಖಾ ಸಭೆಯ ನಿಮಿತ್ತ ಲಭ್ಯವಿರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.’ ಇದರಲ್ಲಿ ಯಾವ ದಿನ ಎಂದಿಲ್ಲ, ಮತ್ತೆ ಯಾವಾಗ ಬರಬೇಕೆಂದಿಲ್ಲ, ಅಷ್ಟರೊಳಗೆ ಜ್ವರ ಏರಿದರೆ ಎಲ್ಲಿಗೆ ಓಡಬೇಕೆಂದಿಲ್ಲ. ಅದರ ಬದಲು ಹೀಗೆ ಬರೆಸು: ‘ಬುಧವಾರ ಡಾಕ್ಟರ್ ಇರುವುದಿಲ್ಲ. ಗುರುವಾರ ಬೆಳಿಗ್ಗೆಯಿಂದ ಇರುತ್ತಾರೆ. ಬಿಪಿ, ಶುಗರ್ ಗುಳಿಗೆ ಬುಧವಾರವೂ ಸಿಗುತ್ತವೆ. ತುರ್ತಾದರೆ ಸಿರುಗುಪ್ಪ ತಾಲ್ಲೂಕು ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ.’ ಇದನ್ನು ಹಿಂದಿನ ದಿನವೇ, ದಪ್ಪ ಅಕ್ಷರದಲ್ಲಿ ಬರೆಸಬೇಕು. ಆಸ್ಪತ್ರೆಯ ಗೋಡೆಗೆ ಒಂದು ಸಾಕು. ಆಸ್ಪತ್ರೆ ತನಕ ಬಂದವನಿಗೆ ಸುದ್ದಿ ತಿಳಿದು ಏನು ಪ್ರಯೋಜನ? ಆತ ಬಸ್ಸು ಹತ್ತುವ ಮೊದಲೇ ತಿಳಿಯಬೇಕು. ಬಸ್‌ಸ್ಟಾಂಡ್ ಪಕ್ಕದ ಮಿರ್ಚಿ ಅಂಗಡಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಇವು ನಿನ್ನ ನೋಟಿಸ್ ಬೋರ್ಡು. ಪಂಚಾಯ್ತಿಯವರ ಕಸದ ಗಾಡಿಗೆ ಮೈಕು ಇದ್ದರೆ ಇನ್ನೂ ಒಳ್ಳೆಯದು.

ಓದಲು ಬಾರದವರು ಇದ್ದಾರೆ. ನಿನ್ನ ತಾಲ್ಲೂಕಿನಲ್ಲಿ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ, ಅಲ್ಲಿ ಮನೆಮಾತು ತೆಲುಗು. ಬೋರ್ಡು ಕನ್ನಡದಲ್ಲಿರಲಿ, ಬಾಯಿ ಮಾತು ಅವರವರ ಭಾಷೆಯಲ್ಲಿ ಹೋಗಲಿ. ಅದಕ್ಕೆ ಆಶಾ ಕಾರ್ಯಕರ್ತೆಯರಿದ್ದಾರೆ. ಅವರನ್ನು ರಿಜಿಸ್ಟರ್ ತುಂಬುವವರು ಅಂತ ನೋಡಬೇಡ. ಗುರುವಾರದ ಲಸಿಕೆ ಯಾವ ಅಂಗನವಾಡಿಯಲ್ಲಿ ಅನ್ನುವುದನ್ನು ಮನೆಮನೆಗೆ ಮುಟ್ಟಿಸುವವರು ಅವರೇ. ವಾರಕ್ಕೊಮ್ಮೆ ಹತ್ತು ನಿಮಿಷ ಕೂರಿಸಿಕೊಂಡು, ಚಹಾ ಕೊಟ್ಟು, ಮುಂದಿನ ವಾರ ಏನಿದೆ ಅಂತ ಹೇಳು.

ಈಗ ನನ್ನ ಕಿಟಕಿಯ ಸಂಗತಿಗೆ ಬರುತ್ತೇನೆ, ಇದನ್ನು ಯಾವ ಪುಸ್ತಕದಲ್ಲೂ ನಿನಗೆ ಕಲಿಸಿರಲಿಕ್ಕಿಲ್ಲ. ಸರ್ಕಾರಿ ಗುಳಿಗೆ ಟೆಂಡರ್ ಮೇಲೆ ಬರುತ್ತದೆ. ಟೆಂಡರ್ ಬದಲಾದರೆ ಕಂಪನಿ ಬದಲಾಗುತ್ತದೆ, ಕಂಪನಿ ಬದಲಾದರೆ ಸ್ಟ್ರಿಪ್ಪಿನ ಬಣ್ಣ, ಗುಳಿಗೆಯ ಗಾತ್ರ, ಆಕಾರ ಎಲ್ಲ ಬದಲು. ಒಳಗಿರುವುದು ಅದೇ ಅಮ್ಲೋಡಿಪಿನ್. ಆದರೆ ಅಜ್ಜನಿಗೆ ಅದು ಹೆಸರಿನಿಂದ ಗೊತ್ತಿಲ್ಲ, ಬಣ್ಣದಿಂದ ಗೊತ್ತು. ‘ಯಪ್ಪಾ, ಇದು ನನ್ ಗುಳಿಗಿ ಅಲ್ಲ, ನಂದು ಕೆಂಪು ಹಾಳ್ಯಾಗ ಇರ್ತಿತ್ತು’ ಅಂತ ಕಿಟಕಿಯಲ್ಲೇ ಜಗಳ ತೆಗೆಯುವವನು ಪುಣ್ಯವಂತ, ಅವನಿಗೆ ತಿಳಿಸಿ ಹೇಳಬಹುದು. ಸುಮ್ಮನೆ ಇಸಕೊಂಡು ಹೋಗುವವರದ್ದೇ ಕಷ್ಟ. ಕೆಲವರು ಹೊಸದನ್ನು ದೇವರ ಮಾಡದಲ್ಲಿಟ್ಟು ಮರೆಯುತ್ತಾರೆ. ಕೆಲವರು ಹಳೆಯದು ಬೇರೆ, ಹೊಸದು ಬೇರೆ ಅಂದುಕೊಂಡು ಎರಡನ್ನೂ ನುಂಗಿ ತಲೆ ತಿರುಗಿ ಬೀಳುತ್ತಾರೆ. 5 ಮಿಲಿಗ್ರಾಂ ಮುಗಿದು 2.5 ಬಂದರಂತೂ ಎಷ್ಟು ತೆಗೆದುಕೊಳ್ಳಬೇಕು ಅನ್ನುವುದೇ ಗೊಂದಲ.

ಅದಕ್ಕೆ ಹೊಸ ಸ್ಟಾಕ್ ಬಂದ ದಿನ ನಿನ್ನ ಫಾರ್ಮಾಸಿಸ್ಟ್‌ಗೆ ಹೇಳು: ಹಳೆಯ ಖಾಲಿ ಸ್ಟ್ರಿಪ್ಪು, ಹೊಸ ಸ್ಟ್ರಿಪ್ಪು ಎರಡನ್ನೂ ಒಂದು ರಟ್ಟಿಗೆ ಅಕ್ಕಪಕ್ಕ ಅಂಟಿಸಿ ಕಿಟಕಿಗೆ ತೂಗುಹಾಕಲಿ. ‘ಇದು ಹೋಯ್ತು, ಇದು ಬಂತು, ಔಷಧ ಅದೇ’ ಅಂತ ಬೆರಳಿಟ್ಟು ತೋರಿಸಲಿ. ಕವರಿನ ಮೇಲೆ ಬೆಳಗಿನ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುವುದನ್ನು ಬಿಡಬಾರದು. ಸ್ಟಾಕ್ ಇಲ್ಲವಾದರೆ ‘ನಾಳೆ ಬಾ’ ಅನ್ನಬಾರದು. ಯಾವತ್ತು ಬರುತ್ತದೋ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ, ಬಂದಾಗ ಆಶಾ ಕೈಲಿ ಹೇಳಿ ಕಳಿಸಲಿ. ಸುಳ್ಳು ದಿನ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ರೆಫರ್ ಮಾಡುವಾಗಲೂ ಇಷ್ಟೇ ಬಿಡಿಸಿ ಹೇಳಬೇಕು. ಬಳ್ಳಾರಿಗೆ ಹೋಗು ಅಂದರೆ ಸಾಲದು. ಸಿರುಗುಪ್ಪದಿಂದ ಅದು ಹೆಚ್ಚುಕಡಿಮೆ 55 ಕಿಲೋಮೀಟರ್. ಬಸ್ಸಿಳಿದು ‘ದೊಡ್ಡಾಸ್ಪತ್ರೆ’ ಅಂತ ಕೇಳಿದರೆ ಒಬ್ಬ ಜಿಲ್ಲಾಸ್ಪತ್ರೆ ತೋರಿಸುತ್ತಾನೆ, ಇನ್ನೊಬ್ಬ ವಿಮ್ಸ್ ತೋರಿಸುತ್ತಾನೆ. ಅವೆರಡೂ ಬೇರೆ ಬೇರೆ. ವಿಮ್ಸ್ ಅಂದರೆ 1961ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, ಅದಕ್ಕೆ ಈಗ ಬಿಎಂಸಿಆರ್‌ಸಿ ಅಂತ ಹೊಸ ಹೆಸರು ಬಂದಿದೆ, ನೀನು ಚೀಟಿಯಲ್ಲಿ ಅದನ್ನೇ ಬರೆಯುತ್ತೀ, ಸರಿ. ಆಟೋದವನಿಗೆ ಮಾತ್ರ ಅದು ಇನ್ನೂ ವಿಮ್ಸೇ. ಚೀಟಿಯ ಮೇಲ್ಗಡೆ ಕನ್ನಡದಲ್ಲಿ ‘ವಿಮ್ಸ್’ ಅಂತ ಒಂದು ಪದ, ಯಾವ ವಿಭಾಗ, ಒಪಿಡಿ ಎಷ್ಟು ಹೊತ್ತಿಗೆ, ರೇಷನ್ ಕಾರ್ಡು ಮತ್ತು ಆಧಾರ್ ಒಯ್ಯಬೇಕು ಅಂತ ಬರೆದುಬಿಡು. ಕಾರ್ಡು ಮನೆಯಲ್ಲಿ ಬಿಟ್ಟು ಹೋಗಿ ಪರದಾಡುವವರು ಕಡಿಮೆ ಇಲ್ಲ. ಕುರುಗೋಡು ಕಡೆಯವರಿಗೆ ಬಳ್ಳಾರಿ ಹತ್ತಿರ, ಸಂಜೆಯೊಳಗೆ ತಿರುಗಿ ಬರುತ್ತಾರೆ. ನಿನ್ನ ನದಿ ದಂಡೆಯ ಊರಿನವರಿಗೆ ಕೊನೇ ಬಸ್ಸು ತಪ್ಪಿದರೆ ರಾತ್ರಿಯೆಲ್ಲ ಆಸ್ಪತ್ರೆ ಕಟ್ಟೆಯೇ ಗತಿ.

ಇನ್ನೊಂದು, ಸ್ವಲ್ಪ ಭಾರದ ಮಾತು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂತು, ಸರ್ಕಾರ ಅದನ್ನು ಪೂರೈಸಿದ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ನಿನ್ನ ಬಳಿ ಬರುವ ತುಂಬು ಗರ್ಭಿಣಿಯ ಅತ್ತೆ ಅದನ್ನು ಕೇಳಿಯೇ ಕೇಳುತ್ತಾಳೆ. ‘ಅದೆಲ್ಲ ನಿಮಗ್ಯಾಕೆ’ ಅಂದೆಯೋ, ಆ ಮನೆಯವರು ಸಾಲ ಮಾಡಿ ಖಾಸಗಿಗೆ ಹೋದರು ಅಂತಲೇ ತಿಳಿ. ಏನಾಯಿತು, ಆಮೇಲೆ ಏನು ನಿಲ್ಲಿಸಿದರು, ಹೆರಿಗೆಗೆ ಎಲ್ಲಿಗೆ ಹೋಗುವುದು ಒಳ್ಳೆಯದು, ಕೂತು ಹೇಳು. ನಮ್ಮ ಜನ ಕೆಟ್ಟ ಸುದ್ದಿ ತಡೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ತಡೆದುಕೊಳ್ಳುವುದಿಲ್ಲ.

ಹಾಗಂತ ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಸುರಿಯಬೇಡ. ಶಿಬಿರ ಎಂದು, ಲಸಿಕೆ ಎಲ್ಲಿ, ಇವು ಗುಂಪಿಗೆ ಸರಿ. ಕಫ ಪರೀಕ್ಷೆಯ ಫಲಿತಾಂಶ, ಯಾರ ಬಸಿರು ಎಷ್ಟು ತಿಂಗಳು, ಇವು ಒಬ್ಬರಿಗೊಬ್ಬರು ಹೇಳುವಂಥವು. ಟಿಬಿ ಅಂತ ಊರಿಗೆ ಗೊತ್ತಾದ ಹುಡುಗಿಗೆ ಆರು ತಿಂಗಳಲ್ಲಿ ಕಾಯಿಲೆ ಹೋದರೂ ಹೆಸರು ಹೋಗುವುದಿಲ್ಲ. ಟಿಬಿಯವರಿಗೆ ಪೌಷ್ಟಿಕ ಆಹಾರದ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1000 ರೂಪಾಯಿ ಆಗಿದೆ. ಅದನ್ನೂ ಅವರ ಕಿವಿಗಷ್ಟೇ ಹೇಳಿ, ಖಾತೆಗೆ ಬಂತೋ ಇಲ್ಲವೋ ಕೇಳು.

ಸದ್ಯಕ್ಕೆ ಒಂದು ಕೆಲಸ ಮಾಡು. ಗರ್ಭಿಣಿಯರ ತಪಾಸಣೆ ಪ್ರತಿ ತಿಂಗಳು 9ಕ್ಕೆ ಅಂತ ಎಲ್ಲರ ಬಾಯಲ್ಲೂ ಇದೆ. 2026ರ ಆಗಸ್ಟ್ 9 ಭಾನುವಾರ ಬಿದ್ದಿದೆ. ಭಾನುವಾರ ಬಿದ್ದರೆ ಮರುದಿನ ನಡೆಸುವುದು ಪದ್ಧತಿ, ನಿಮ್ಮಲ್ಲೂ ಹಾಗೆಯೇ ಅಲ್ಲವೇ ಅಂತ ಮೇಲಿನವರನ್ನು ಕೇಳಿ ಖಚಿತ ಮಾಡಿಕೊಂಡು, ಜುಲೈ ತಪಾಸಣೆಗೆ ಬಂದವರ ತಾಯಿ ಕಾರ್ಡಿನ ಮೇಲೆಯೇ ‘10, ಸೋಮವಾರ’ ಅಂತ ಬರೆಸು. ಅದು ನಾಟಿಯ ಸಮಯ, ಕೂಲಿಗೆ ಎಂದು ಹೋಗಬೇಕು, ಎಂದು ಬಿಡಬೇಕು ಅಂತ ಅವರೂ ಮೇಸ್ತ್ರಿಗೆ ಮೊದಲೇ ಹೇಳಿಕೊಳ್ಳಬೇಕಾಗುತ್ತದೆ.